ಎಂಟು ಪ್ಯಾಂಟು

ಹೊನ್ನೂರಬಿ ಓಢಣಿಯಲ್ಲಿ ಸುತ್ತಿ ತಂದ ಇಸ್ತ್ರಿಪೆಟ್ಟಿಗೆಯನ್ನು
ಕೂಸು ಮಲಗಿಸಿದ ಹಾಗೆ ಸ್ಟೂಲಿನ ಮೇಲಿಟ್ಟಳು.
"ಇದಕ್ಕೇನೋ ರೋಗ ಐತಿ ನೋಡು ತಮ್ಮಾ.
ಮುಂಜಾನಿ ಬೆಂಕಿ, ಸಂಜಿಗೆ ಬೂದಿ.
ಗಾದಿಲಿಂಗಪ್ಪ ಅಂತಾನ,
ರೋಗ ಪೆಟ್ಟಿಗಿಗಲ್ಲ, ನಿನಗ."

ಬಿಚ್ಚಿದೆ. ಕಾಯಿಲ್ ಚೆನ್ನಾಗಿದೆ.
ಥರ್ಮೋಸ್ಟಾಟ್ ಯಾವತ್ತೋ ಸುಟ್ಟು
ಯಾರೋ ಪುಣ್ಯಾತ್ಮ ತಂತಿ ನೇರ ಕೊಟ್ಟಿದ್ದಾನೆ.
ಗಂಟು ನೋಡಿದರೆ ನನ್ನದೇ ಕೈ,
ಎರಡು ವರ್ಷದ ಹಿಂದಿನದು.

ವೈರು ಸೀಳಿ
ಒಂದೇ ಎಳೆಯ ಕುತ್ತಿಗೆಗೆ ಕ್ಲ್ಯಾಂಪ್ ಮೀಟರ್ ಹಾಕಿದೆ.
ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ,
ಹೋಗುವುದು ಬರುವುದು ಒಂದನ್ನೊಂದು ಅಳಿಸಿಬಿಡುತ್ತವೆ.
ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು,
ಉಸ್ತಾದರ ಎರಡು ಏಟು ಬೇರೆ.

ಐದು ಆಂಪ್. ಬೋರ್ಡಿನಲ್ಲಿ ಇನ್ನೂರ ಮೂವತ್ತು ವೋಲ್ಟ್.
ಬೀಡಿ ಕಟ್ಟಿನ ಕಾಗದ ಮಗುಚಿ ಬರೆದೆ.
ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ನಲವತ್ತಾರು.
"ಇದು ಅದರ ಹಟ. ಎಷ್ಟು ನೂಕಿದ್ರೂ ಇಷ್ಟು ತಡೀತದ."
ಕಾದರೆ ತುಸು ಏರುತ್ತದೆ, ಅದನ್ನು ಹೇಳಲು ಹೋಗಲಿಲ್ಲ.
ಗುಣಿಸಿದರೆ ಸಾವಿರದ ನೂರೈವತ್ತು.
"ಇದು ಅದರ ದುಡಿಮಿ."
"ದುಡಿಮಿ ಗೊತ್ತೈತಿ," ಅಂದಳು, "ಮುಂದ ಹೇಳು."

ಮುಂದಿನದನ್ನು ಸಂಜೆಯೇ ಹೇಳಬೇಕಿತ್ತು.
ಕೌಲ್ ಬಜಾರಿನ ಎರಡನೇ ಗೇಟು ದಾಟಿ ಅವಳ ಶೆಡ್ಡಿಗೆ ಹೋದೆ.
ಹೊಲಿಗೆ ಮೋಟಾರು, ಬಣ್ಣದ ಡ್ರಮ್ಮು, ಬೋರು, ಕೂಲರು,
ಓಣಿಗೆ ಓಣಿಯೇ ಒಂದು ಟ್ರಾನ್ಸ್‌ಫಾರ್ಮರಿಗೆ ಬಾಯಿಟ್ಟಿದೆ.
ಗಾದಿಲಿಂಗಪ್ಪನದು ಕೊನೆಯ ಕಂಬ.
ಹಗಲೆಲ್ಲ ಕುಡಿದ ಬಿಸಿಲನ್ನು ಬಳ್ಳಾರಿ ಗುಡ್ಡ
ಮೀಟರಿಲ್ಲದೆ ಊರಿಗೆ ಹಂಚುತ್ತಿತ್ತು.
ಟ್ಯೂಬ್‌ಲೈಟು ಮಾತ್ರ ಕಣ್ಣು ಮಿಟುಕಿಸಿ ಯೋಚಿಸುತ್ತಿತ್ತು.

ನೂರ ಎಂಬತ್ತನಾಲ್ಕು ವೋಲ್ಟ್. ನಾಲ್ಕು ಆಂಪ್.
ಭಾಗಿಸಿದರೆ ಮತ್ತದೇ ನಲವತ್ತಾರು.
ಗುಣಿಸಿದರೆ ಏಳುನೂರ ಮೂವತ್ತಾರು.

"ಐದರಾಗ ಒಂದು ಪಾಲು ವೋಲ್ಟ್ ಹೋದ್ರ
ದುಡಿಮಿನೂ ಅಷ್ಟೇ ಹೋಗ್ಬೇಕಲ್ಲೋ?" ಗಾದಿಲಿಂಗಪ್ಪ ಕೇಳಿದ.
ಪೆದ್ದ ಪ್ರಶ್ನೆಯಲ್ಲ.
"ಎರಡು ಕಡಿ ಹೋಗ್ತದ ಅಣ್ಣ.
ನೂಕೋದೂ ಕಮ್ಮಿ, ಹರಿಯೋದೂ ಕಮ್ಮಿ.
ನೂರು ಇದ್ದದ್ದು ಅರವತ್ನಾಕು."

ಮುಂಜಾನೆ ಪಾಳಿಯಲ್ಲಿದ್ದಾಗ ಅವಳದು ನೂರೈವತ್ತು ಪ್ಯಾಂಟು.
ಈ ಕರೆಂಟಿಗೆ ತೊಂಬತ್ತಾರು ಆಗಬೇಕು.
ಒಂದು ಹೆಚ್ಚಿಲ್ಲ.

ಅವನು ಲೆಕ್ಕದ ಪುಸ್ತಕ ತೆಗೆದ, ಬೆರಳು ನೆಕ್ಕಿ ಹಾಳೆ ತಿರುವಿದ.
ಸೋಮವಾರ ನೂರಾನಾಲ್ಕು. ಮಂಗಳವಾರ ನೂರಾನಾಲ್ಕು.
ಬುಧವಾರ ನೂರಾಐದನ್ನು ಹೊಡೆದು ನೂರಾನಾಲ್ಕು.
"ನಿನ್ನ ಲೆಕ್ಕ ತಪ್ಪೈತಲೇ!" ಅವನಿಗೆ ಖುಷಿ.

ಮತ್ತೆ ಗುಣಿಸಿದೆ. ತಪ್ಪಿಲ್ಲ.
ಆಗ ತಲೆಯೆತ್ತಿ ಅವಳತ್ತ ನೋಡಿದೆ.
ತುದಿಗಾಲಲ್ಲಿ ನಿಂತು, ಮೈಭಾರವನ್ನೆಲ್ಲ ಮೊಣಕೈಗೆ ಇಳಿಸಿ
ಜೀನ್ಸಿನ ದಪ್ಪ ಹೊಲಿಗೆಯನ್ನು ಚಪ್ಪಟೆ ಮಾಡುತ್ತಿದ್ದಳು.
ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ.

ಎಂಟು ಪ್ಯಾಂಟು.
ಕಾಗದದಲ್ಲಿ ವೋಲ್ಟಿಗೊಂದು ಅಕ್ಷರ, ಆಂಪಿಗೊಂದು,
ಹಟಕ್ಕೂ ಒಂದು.
ಪೆನ್ನು ಹಿಡಿದು ಸುಮ್ಮನೆ ನಿಂತೆ.

ಗಾದಿಲಿಂಗಪ್ಪ ಪುಸ್ತಕ ಮುಚ್ಚಿದ.
ಸ್ಟೆಬಿಲೈಜರ್ ತರ್ತೀನಿ ಅಂದ,
ಯಾವಾಗ ಅನ್ನಲಿಲ್ಲ.

ಗೇಟಿನ ತನಕ ಬಂದು ಹೊನ್ನೂರಬಿ ಕೇಳಿದಳು: "ಎಷ್ಟಾತು?"
"ರಿಪೇರಿ ಏನೂ ಇಲ್ಲಕ್ಕ, ಪೆಟ್ಟಿಗಿ ಛಲೋ ಐತಿ."
ಇಪ್ಪತ್ತರ ನೋಟು ಜೇಬಿಗೆ ತುರುಕಿದಳು,
ಅದೂ ಇಸ್ತ್ರಿ ಮಾಡಿದಷ್ಟು ಸಪಾಟು.
"ಮುಂಜಾನಿಂದ ಕುಂತು ಗುಣಿಸೀಯಲ್ಲ,
ಅದು ದುಡಿಮಿ ಅಲ್ಲೇನು?"